ರಾತ್ರಿ ಗಂಟೆಗೊಮ್ಮೆ ಏಳುವ ಮಗು: ಮೊದಲು ಏನು, ಆಮೇಲೆ ಏನು

ಮಂಗಳೂರು ಬಿಜೈಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇರಲಿ, ಉಡುಪಿಯ ತವರಿನಲ್ಲಿ ಇರಲಿ, ಪುಟ್ಟ ಮಗು ಇರುವ ಮನೆಗೆ ಹೋದರೆ ಕೇಳಿಸುವ ಮಾತು ಒಂದೇ. "ಎಲ್ಲ ಮಾಡಿ ಆಯ್ತು ಅಕ್ಕ, ಗಂಟೆಗೊಮ್ಮೆ ಎದ್ದು ಬೊಬ್ಬೆ ಹಾಕ್ತದೆ." ಏನೇನು ಮಾಡಿದಿರಿ ಎಂದು ಕೇಳುತ್ತೇನೆ. ಸೋಮವಾರ ಹಾಲಿನ ಹುಡಿ ಬದಲಾಯಿಸಿದ್ದಾರೆ. ಬುಧವಾರ ತೊಟ್ಟಿಲು ಬಿಟ್ಟು ಮಂಚದಲ್ಲಿ ಮಲಗಿಸಿದ್ದಾರೆ. ಶುಕ್ರವಾರ ಅಳಲು ಬಿಟ್ಟಿದ್ದಾರೆ, ಹತ್ತು ನಿಮಿಷಕ್ಕೆ ಅಜ್ಜಿ ಬಂದು ಎತ್ತಿಕೊಂಡಿದ್ದಾರೆ. ಭಾನುವಾರ ಯಾರೋ ಹೇಳಿದ ಸಿರಪ್.

ಇದರಲ್ಲಿ ಕೆಲವು ತಪ್ಪು, ಕೆಲವು ಸರಿ. ಆದರೆ ಎಲ್ಲರಿಗೂ ತಪ್ಪುವುದು ಕ್ರಮ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ಒಂದು ಬದಲಾವಣೆಗೆ ಎರಡು ರಾತ್ರಿಯ ಸಮಯವನ್ನೂ ಕೊಡುವುದಿಲ್ಲ. ಹಾಗಾಗಿ ಇಲ್ಲಿ ಕ್ರಮವನ್ನೇ ಬರೆಯುತ್ತಿದ್ದೇನೆ. ಒಂದು ಹಂತ ಮುಗಿಸಿಯೇ ಮುಂದಿನದಕ್ಕೆ ಹೋಗಿ.

ಇದು 4 ತಿಂಗಳಿಂದ 1 ವರ್ಷದ ಒಳಗಿನ ಮಗುವಿಗೆ. 3 ತಿಂಗಳೊಳಗಿನ ಕೂಸು ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುವುದು ಸಹಜ, ಏಳಲೇಬೇಕು. ಅಂಥ ಮನೆಯವರು 1, 3 ಮತ್ತು 4ನೇ ಹಂತ ಮಾತ್ರ ಓದಿದರೆ ಸಾಕು.

ಶುರು ಮಾಡುವ ಮುಂಚೆ ಒಂದು ವಿಷಯ ತಿಳಿದಿರಲಿ

ಮಗುವಿನ ನಿದ್ದೆಯ ಒಂದು ಸುತ್ತು ಸುಮಾರು 50ರಿಂದ 60 ನಿಮಿಷ. ಸುತ್ತು ಮುಗಿದಾಗಲೆಲ್ಲ ಮಗು ಅರೆ ಎಚ್ಚರವಾಗುತ್ತದೆ. ನಾವೂ ಹಾಗೇ, ಆದರೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಗ್ಗೆ ನೆನಪಿರುವುದಿಲ್ಲ. ಸುಮಾರು 4 ತಿಂಗಳಿಗೆ ಮಗುವಿನ ನಿದ್ದೆಯ ರೀತಿಯೇ ಬದಲಾಗುತ್ತದೆ. "ಮೂರು ತಿಂಗಳು ಚೆಂದ ಮಲಗುತ್ತಿತ್ತು, ಈಗ ಏನೋ ಆಗಿದೆ" ಎಂದು ಗಾಬರಿಯಾಗುವುದು ಈ ಹೊತ್ತಿನಲ್ಲೇ.

ಎಚ್ಚರವಾಗುವುದನ್ನು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಎಚ್ಚರವಾದ ಮಗು ಮತ್ತೆ ನಿದ್ದೆಗೆ ಜಾರಲು ಏನು ಅಡ್ಡಿಯಾಗುತ್ತಿದೆ ಎಂದು ಹುಡುಕಿ ತೆಗೆಯಬಹುದು. 6 ತಿಂಗಳ ಮಗು ರಾತ್ರಿ ಒಂದೆರಡು ಸಲ ಹಾಲಿಗೆ ಎದ್ದರೆ ಅದು ಸಮಸ್ಯೆಯೇ ಅಲ್ಲ. ಏಳೆಂಟು ಸಲ ಎದ್ದರೆ ಮುಂದೆ ಓದಿ.

ಕೈಯಲ್ಲಿ ಇರಬೇಕಾದ್ದು

ಡಿಜಿಟಲ್ ಥರ್ಮಾಮೀಟರ್, ಒಂದು ನೋಟ್‌ಬುಕ್, ಸೊಳ್ಳೆ ಪರದೆ, ಚಾರ್ಜ್ ಆಗುವ ಸಣ್ಣ ಫ್ಯಾನ್, ಮಂದ ಹಳದಿ ಬೆಳಕಿನ ಬಲ್ಬ್, ಮೂಗಿಗೆ ಹಾಕುವ ಸಲೈನ್ ಡ್ರಾಪ್ಸ್, ನಾಲ್ಕೈದು ಜೊತೆ ತೆಳು ಹತ್ತಿ ಬಟ್ಟೆ. ಇಷ್ಟು ಸಾಕು. ನಿದ್ದೆ ಬರಿಸುತ್ತದೆ ಎಂದು ಮಾರುವ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಹಂತ 1: ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರಲ್ಲಿ ನಾನೂ ಒಬ್ಬಳು. ಮಗಳಿಗೆ 7 ತಿಂಗಳು. ಹಲ್ಲು ಬರುತ್ತಿದೆ, ಅದಕ್ಕೇ ಅಳುತ್ತಾಳೆ ಎಂದು ಎಂಟು ರಾತ್ರಿ ಕಳೆದೆ. ಎತ್ತಿಕೊಂಡರೆ ಸುಮ್ಮನಾಗುತ್ತಿದ್ದಳು, ಮಲಗಿಸಿದ ಕೂಡಲೇ ಕಿರುಚುತ್ತಿದ್ದಳು. ಕಿವಿಯಲ್ಲಿ ಸೋಂಕಾಗಿತ್ತು. ಅಷ್ಟು ದಿನ ಆ ಮಗು ನೋವು ತಿಂದದ್ದು ನನಗೆ ಈಗಲೂ ಸಂಕಟ ಕೊಡುತ್ತದೆ.

ಹಾಗಾಗಿ ಇವನ್ನು ನೋಡಿ. ಮಲಗಿಸಿದಾಗ ಮಾತ್ರ ಜಾಸ್ತಿ ಅಳು, ಕಿವಿ ಎಳೆದುಕೊಳ್ಳುವುದು, ಜ್ವರ ಇದ್ದರೆ ಕಿವಿ ನೋವಿರಬಹುದು. ಹಾಲು ಕುಡಿಯುವಾಗ ಬಿಟ್ಟು ಬಿಟ್ಟು ಉಸಿರು ತೆಗೆದುಕೊಂಡರೆ ಮೂಗು ಕಟ್ಟಿದೆ. ಹಾಲು ಕೊಡುವ ಮುಂಚೆ ಸಲೈನ್ ಹಾಕಿ. ಕುತ್ತಿಗೆ, ಕಂಕುಳು, ತೊಡೆ ಸಂದಿಯಲ್ಲಿ ಬೆವರು ಗುಳ್ಳೆ ಎದ್ದಿದ್ದರೆ ಮಗು ತುರಿಕೆಗೆ ಏಳುತ್ತದೆ. ಲಸಿಕೆ ಹಾಕಿಸಿದ ಮೇಲೆ ಒಂದೆರಡು ರಾತ್ರಿ ಕಿರಿಕಿರಿ ಮಾಡುವುದುಂಟು, ಅದು ತಾನೇ ಕಡಿಮೆಯಾಗುತ್ತದೆ. ಹಲ್ಲು ಬರುವಾಗ ಒಸಡು ಊದಿ ಜೊಲ್ಲು ಸುರಿಯುತ್ತದೆ, ನಿಜ. ಆದರೆ 100.4 ಡಿಗ್ರಿ ದಾಟಿದ ಜ್ವರವನ್ನು ಹಲ್ಲಿನ ಲೆಕ್ಕಕ್ಕೆ ಬರೆಯಬೇಡಿ.

6 ತಿಂಗಳ ಮೇಲಿನ ಮಗುವಾದರೆ ಕಬ್ಬಿಣಾಂಶದ ಬಗ್ಗೆಯೂ ಡಾಕ್ಟರ ಹತ್ತಿರ ಕೇಳಿ. ಅದು ಕಡಿಮೆಯಾದರೂ ನಿದ್ದೆ ಕೆಡುತ್ತದೆ. 6 ತಿಂಗಳಿಂದ ವಾರಕ್ಕೆರಡು ಸಲ 1 ಎಂ.ಎಲ್. ಕೊಡುವ ಸಿರಪ್ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಈ ಕೆಳಗಿನದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ:
- 3 ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಅಥವಾ ಹೆಚ್ಚು ಜ್ವರ
- ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ನರಳುವ ಸದ್ದು, ತುಟಿ ನೀಲಿಯಾಗುವುದು
- ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಹಾಲು ಬೇಡ ಎನ್ನುವುದು
- ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ
- ಆರೇಳು ಗಂಟೆ ಮೂತ್ರ ಇಲ್ಲದಿರುವುದು
- ಫಿಟ್ಸ್

108ಕ್ಕೆ ಫೋನ್ ಮಾಡಿ. ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ಇದೆ. ಎಲ್ಲಿಗೆ ಹೋಗುವುದು, ಯಾರ ಗಾಡಿಯಲ್ಲಿ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ.

ಹಂತ 2: ಮೂರು ದಿನ ಸುಮ್ನೆ ಬರೆದುಕೊಳ್ಳಿ

ಏನನ್ನೂ ಬದಲಿಸಬೇಡಿ. ಮಗು ಎದ್ದದ್ದು ಎಷ್ಟು ಗಂಟೆಗೆ, ಮಲಗಿದ್ದು ಎಷ್ಟಕ್ಕೆ, ಎಷ್ಟು ಹೊತ್ತು ಹಾಲು ಕುಡಿಯಿತು, ಮತ್ತೆ ಮಲಗಿದ್ದು ಹೇಗೆ. ಮೊಲೆ ಬಾಯಲ್ಲಿ ಇಟ್ಟುಕೊಂಡೇ? ತೂಗಿದ ಮೇಲೆ? ಹೆಗಲ ಮೇಲೆ? ಫೋನಿನಲ್ಲಿ ಬೇಡ, ಕಾಗದದಲ್ಲಿ ಬರೆಯಿರಿ. ಫೋನಿನ ಬೆಳಕಿಗೆ ಮಗುವೂ ಎಚ್ಚರ, ನೀವೂ ಎಚ್ಚರ.

ಮೂರನೇ ದಿನ ಪುಟ ನೋಡಿದರೆ ಒಂದು ಗುರುತು ಕಾಣುತ್ತದೆ. ಗಂಟೆಗೊಮ್ಮೆ ಸರಿಯಾಗಿ ಏಳುತ್ತಿದ್ದರೆ ಮಲಗಿಸುವ ರೀತಿಯಲ್ಲಿ ಸಮಸ್ಯೆ, 7ನೇ ಹಂತ ನಿಮಗೆ ಮುಖ್ಯ. ಮಲಗಿಸಿ ಮುಕ್ಕಾಲು ಗಂಟೆಗೇ ಒಮ್ಮೆ ಎದ್ದು ಜೋರಾಗಿ ಅಳುತ್ತಿದ್ದರೆ ಬಹಳ ಸಲ ಅತಿಯಾದ ಆಯಾಸ, 5ನೇ ಹಂತ. ಬೆಳಗಿನ ಜಾವ ನಾಲ್ಕರ ಮೇಲೆ ಮಾತ್ರ ರಗಳೆಯಾದರೆ ಬೆಳಕು, ಸೊಳ್ಳೆ, ಒದ್ದೆ ಡಯಾಪರ್, ಬದಲಾದ ತಂಪು ಇವನ್ನು ಮೊದಲು ನೋಡಿ.

ಹಂತ 3: ಮಲಗುವ ಜಾಗ

ಮಗುವನ್ನು ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಮಲಗಿಸಿ. ಹಗಲಿನ ನಿದ್ದೆಗೂ ಹೀಗೇ. ಹಾಸಿಗೆಯಲ್ಲಿ ದಿಂಬು, ಸಡಿಲ ಚಾದರ, ಗೊಂಬೆ ಏನೂ ಬೇಡ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬೂ ಬೇಡ. ಕೊನೆಯ ಪಕ್ಷ 6 ತಿಂಗಳ ತನಕ ನೀವು ಮಲಗುವ ಕೋಣೆಯಲ್ಲೇ, ಆದರೆ ಅದರದೇ ಜಾಗದಲ್ಲಿ ಮಲಗಲಿ.

ಸೀರೆಯ ಜೋಲಿ, ಸ್ಪ್ರಿಂಗ್ ಹಾಕಿದ ಬಟ್ಟೆ ತೊಟ್ಟಿಲು ನಮ್ಮ ಕಡೆ ಇಲ್ಲದ ಮನೆ ಕಡಿಮೆ. ಅದರಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತುತ್ತದೆ, ಉಸಿರಿಗೆ ತೊಂದರೆ. ನಿದ್ದೆ ಬಂದ ಮೇಲೆ ಸಮತಟ್ಟು ಜಾಗಕ್ಕೆ ತನ್ನಿ, ಇಡೀ ರಾತ್ರಿ ಅದರಲ್ಲಿ ಬಿಡಬೇಡಿ. ಮಗು ಮಗುಚಲು ಶುರು ಮಾಡಿದ ದಿನ ಜೋಲಿ ತೆಗೆದಿಡಿ. ಬಟ್ಟೆಯಲ್ಲಿ ಸುತ್ತಿ ಮಲಗಿಸುವುದನ್ನೂ ಅವತ್ತೇ ನಿಲ್ಲಿಸಿ. ಮರದ ತೊಟ್ಟಿಲಾದರೆ ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಅಂತರ ಇರಬಾರದು.

ಮಂಚದಲ್ಲಿ ಜೊತೆಗೆ ಮಲಗಿಸುವವರು ಗೋಡೆಗೂ ಹಾಸಿಗೆಗೂ ನಡುವಿನ ಸಂದಿಗೆ ಹೆದರಬೇಕು. ಮಗು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಸಿಗರೇಟು, ಬೀಡಿ ಸೇದುವವರು, ಕುಡಿದವರು, ನಿದ್ದೆಯ ಮಾತ್ರೆ ತೆಗೆದುಕೊಂಡವರು ಮಗುವಿನ ಪಕ್ಕ ಮಲಗಲೇಬಾರದು. ಅವಧಿಗೆ ಮುಂಚೆ ಹುಟ್ಟಿದ ಮಗುವನ್ನೂ ಜೊತೆಯಲ್ಲಿ ಮಲಗಿಸಬೇಡಿ. ಹಾಲು ಕೊಡುತ್ತಾ ಸೋಫಾದಲ್ಲಿ ತೂಕಡಿಸುವುದು ಇವೆಲ್ಲಕ್ಕಿಂತ ಅಪಾಯ. ಸುಸ್ತಾದಾಗ ಸೋಫಾದಲ್ಲಿ ಕೂರಲೇಬೇಡಿ.

ಕುತ್ತಿಗೆಯ ಕಪ್ಪು ದಾರ, ತಾಯಿತ ರಾತ್ರಿ ತೆಗೆದಿಡಿ. ಅಜ್ಜಿಗೆ ಬೇಸರವಾದರೆ ಹಗಲು ಹಾಕಿ. ಸೊಂಟದ ನೇವಳ ಬಿಗಿಯಾಗಿದೆಯೇ ಎಂದು ಒಂದು ಬೆರಳು ತೂರಿಸಿ ನೋಡಿ.

ಹಂತ 4: ಸೆಖೆ, ಸೊಳ್ಳೆ, ಮಳೆ, ಕರೆಂಟ್

ಬೇರೆ ಊರಿನವರು ಬರೆದ ಸಲಹೆಗಳು ನಮ್ಮಲ್ಲಿ ಸೋಲುವುದು ಇಲ್ಲೇ. ಮಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ರಾತ್ರಿ ಹನ್ನೆರಡಾದರೂ ಸೆಖೆ ಇಳಿಯುವುದಿಲ್ಲ. ಗಾಳಿಯಲ್ಲಿ ತೇವ ಇರುವುದರಿಂದ ಬೆವರು ಆರುವುದಿಲ್ಲ. ಆ ಹೊತ್ತಿಗೆ ಮಗುವಿಗೆ ಟೊಪ್ಪಿ, ಕಾಲುಚೀಲ, ಮೇಲೊಂದು ಉಣ್ಣೆ ಬಟ್ಟೆ. ಏಳದೆ ಏನು ಮಾಡುತ್ತದೆ?

ಮಗುವಿಗೆ ಚಳಿಯೋ ಸೆಖೆಯೋ ಎಂದು ಕೈ ಕಾಲು ಮುಟ್ಟಿ ಹೇಳಲಾಗದು. ಅವು ಯಾವಾಗಲೂ ಸ್ವಲ್ಪ ತಂಪೇ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ. ಒದ್ದೆಯಾಗಿ ಬಿಸಿ ಇದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಬೇಸಿಗೆಯಲ್ಲಿ ತೆಳು ಹತ್ತಿ ಅಂಗಿ ಒಂದೇ ಸಾಕು. ಮಳೆಗಾಲದಲ್ಲಿ ಉದ್ದ ತೋಳಿನದು. ಒಳಗೆ ಮಲಗುವಾಗ ಟೊಪ್ಪಿ ಯಾವ ಕಾಲದಲ್ಲೂ ಬೇಡ, ಮಗು ತನ್ನ ಬಿಸಿಯನ್ನು ಹೊರಗೆ ಬಿಡುವುದು ತಲೆಯಿಂದಲೇ ಜಾಸ್ತಿ. ಫ್ಯಾನ್ ಹಾಕಿದರೆ ಶೀತವಾಗುತ್ತದೆ ಎಂಬ ಹೆದರಿಕೆ ಬಿಡಿ. ಶೀತ ಬರುವುದು ವೈರಸ್ಸಿನಿಂದ. ಗಾಳಿ ನೇರ ಮುಖಕ್ಕೆ ಬಡಿಯದಿದ್ದರೆ ಸಾಕು. ಎ.ಸಿ. ಇದ್ದರೆ 25, 26ರ ಹತ್ತಿರ ಇಡಿ.

ಸೊಳ್ಳೆಗೆ ಪರದೆಯೇ ಸರಿ. ಮಲೇರಿಯಾ, ಡೆಂಗ್ಯೂ ಎರಡೂ ನಮ್ಮ ಊರಿಗೆ ಹೊಸತಲ್ಲ. ಡೆಂಗ್ಯೂ ಸೊಳ್ಳೆ ಹಗಲು ಕಚ್ಚುತ್ತದೆ, ಆದ್ದರಿಂದ ಹಗಲು ಮಲಗಿಸುವಾಗಲೂ ಪರದೆ ಹಾಕಿ. ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಮಡಚಿ, ಮಗುವಿನ ಕೈಗೆ ಸಿಗಬಾರದು. ಸೊಳ್ಳೆ ಬತ್ತಿಯ ಹೊಗೆ, ಸ್ನಾನದ ಮೇಲೆ ಹಾಕುವ ಧೂಪದ ಹೊಗೆ, ದೃಷ್ಟಿ ತೆಗೆದು ಸುಡುವ ಮೆಣಸಿನ ಹೊಗೆ, ಯಾವುದೂ ಮಗು ಮಲಗುವ ಕೋಣೆಗೆ ಬರಬಾರದು. ದೃಷ್ಟಿ ತೆಗೆಯಿರಿ, ಬೇಡ ಎನ್ನುವುದಿಲ್ಲ. ಮೆಣಸನ್ನು ಅಂಗಳದಲ್ಲಿ ಸುಡಿ. ಕರ್ಪೂರ ಮತ್ತು ಬಾಮ್ ಮಗುವಿನ ಮೂಗಿಗೆ, ಎದೆಗೆ ಹಚ್ಚಬೇಡಿ.

ಜೂನ್ ಬಂದರೆ ಬಟ್ಟೆ ಒಣಗುವುದಿಲ್ಲ. ಅರೆ ಒಣಗಿದ ಲಂಗೋಟಿ ಮಗುವಿಗೆ ಗುಳ್ಳೆ ತರುತ್ತದೆ, ಗುಳ್ಳೆ ನಿದ್ದೆ ಕೆಡಿಸುತ್ತದೆ. ಇಸ್ತ್ರಿ ಮಾಡಿ, ಆರಿದ ಮೇಲೆ ಹಾಕಿ.

ಇನ್ನು ಕರೆಂಟ್. ಗುಡುಗು ಬಂದರೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ ಅಲ್ವಾ? ಮಗು ಕೂಡಲೇ ಏಳುತ್ತದೆ. ಎಲ್ಲರೂ ಸೆಖೆಗೆ ಎಂದುಕೊಳ್ಳುತ್ತಾರೆ. ಆದರೆ ಕೋಣೆ ಬಿಸಿಯಾಗಲು ಹತ್ತು ನಿಮಿಷವಾದರೂ ಬೇಕು, ಮಗು ಒಂದೇ ನಿಮಿಷಕ್ಕೆ ಎದ್ದಿರುತ್ತದೆ. ಎಬ್ಬಿಸಿದ್ದು ಫ್ಯಾನಿನ ಸದ್ದು ನಿಂತದ್ದು. ಇದು ನನಗೆ ತಿಳಿಯಲು ಎರಡನೇ ಮಗು ಬರಬೇಕಾಯಿತು. ಚಾರ್ಜಿಂಗ್ ಫ್ಯಾನನ್ನು ಕರೆಂಟ್ ಹೋದ ಮೇಲೆ ಹುಡುಕಬೇಡಿ. ಮಲಗಿಸುವಾಗಲೇ ಕೋಣೆಯ ಮೂಲೆಯಲ್ಲಿ ಸಣ್ಣಗೆ ಓಡುತ್ತಿರಲಿ. ಇನ್ವರ್ಟರ್ ಇದ್ದರೆ ಮಲಗುವ ಕೋಣೆಯ ಫ್ಯಾನ್ ಅದಕ್ಕೆ ಸೇರಿದೆಯೇ ನೋಡಿ.

ಹಂತ 5: ರಾತ್ರಿಯ ಕೆಲಸ ಬೆಳಗ್ಗೆ ಶುರು

ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ. ಆರೂವರೆ, ಏಳು. ಎದ್ದ ಕೂಡಲೇ ಜಗಲಿಗೋ ಬಾಲ್ಕನಿಗೋ ಕರೆದುಕೊಂಡು ಹೋಗಿ ಬೆಳಕು ತೋರಿಸಿ. ಮಗುವಿನ ಒಳಗಿನ ಗಡಿಯಾರ ತಿರುಗುವುದು ಆ ಬೆಳಕಿಗೆ.

ಇಲ್ಲಿ ಆಗುವ ದೊಡ್ಡ ತಪ್ಪು, "ಹಗಲು ಮಲಗಿಸಬೇಡಿ, ರಾತ್ರಿ ಮಲಗುತ್ತದೆ" ಎಂಬುದು. ಫಲ ಉಲ್ಟಾ. ಹಗಲು ನಿದ್ದೆ ಇಲ್ಲದ ಮಗು ಸಂಜೆಗೆ ದಣಿದು ಹಟ ಹಿಡಿಯುತ್ತದೆ, ಮಲಗಿದರೂ ಬೆಚ್ಚಿ ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕದಂತೆ 4ರಿಂದ 11 ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು.

ಸುಮಾರು ಲೆಕ್ಕ ಹೀಗಿಟ್ಟುಕೊಳ್ಳಿ. 4ರಿಂದ 6 ತಿಂಗಳಿಗೆ ಹಗಲು ಮೂರ್ನಾಲ್ಕು ನಿದ್ದೆ, ನಡುವೆ ಒಂದೂವರೆಯಿಂದ ಎರಡು ಗಂಟೆ ಎಚ್ಚರ. 6ರಿಂದ 9ಕ್ಕೆ ಎರಡು ಮೂರು ನಿದ್ದೆ, ನಡುವೆ ಎರಡರಿಂದ ಮೂರು ಗಂಟೆ. ಆಮೇಲೆ ಎರಡು ನಿದ್ದೆ. ಕೊನೆಯದು ಸಂಜೆ ಐದರೊಳಗೆ ಮುಗಿಯಲಿ. ಗಡಿಯಾರಕ್ಕಿಂತ ಮಗುವಿನ ಮುಖ ನೋಡುವುದು ಒಳ್ಳೆಯದು. ನೋಟ ಒಂದೆಡೆ ನಿಲ್ಲುವುದು, ಕಣ್ಣು ಉಜ್ಜುವುದು, ಹುಬ್ಬು ಕೆಂಪಾಗುವುದು ಕಂಡರೆ ಮಲಗಿಸುವ ಹೊತ್ತು. ಆಕಳಿಸಿ ಅಳಲು ಶುರು ಮಾಡಿದರೆ ತಡವಾಯಿತು.

ಹಗಲು ಹೊಟ್ಟೆ ತುಂಬ ಹಾಲು ಕುಡಿಯಬೇಕು. 5 ತಿಂಗಳ ಮೇಲೆ ಮಗುವಿಗೆ ಸುತ್ತ ನೋಡುವ ಆಸೆ, ಎರಡು ಗುಟುಕು ಕುಡಿದು ತಿರುಗುತ್ತದೆ, ಬಾಕಿಯನ್ನು ರಾತ್ರಿ ಕೇಳುತ್ತದೆ. ಟಿ.ವಿ. ಇಲ್ಲದ ಕೋಣೆಯಲ್ಲಿ ಕೂತು ಹಾಲು ಕೊಡಿ.

"ನಿನ್ನ ಹಾಲು ಸಾಕಾಗ್ತಾ ಇಲ್ಲ ಮಾರಾಯ್ತಿ, ರಾಗಿ ಮಣ್ಣಿ ಶುರು ಮಾಡು" ಎಂದು ನಾಲ್ಕನೇ ತಿಂಗಳಿಗೇ ಹೇಳುವವರು ಇರುತ್ತಾರೆ. ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. 6 ತಿಂಗಳು ತುಂಬುವ ತನಕ ಮಣ್ಣಿ, ನೀರು ಯಾವುದೂ ಬೇಡ. ತುಂಬಿದ ಮೇಲೆ ಮಣ್ಣಿ ಕೊಡಿ, ಆದರೆ ಮಲಗಿಸುವ ಅರ್ಧ ಗಂಟೆ ಮುಂಚೆ ತುರುಕಬೇಡಿ. ಹೊಟ್ಟೆ ಭಾರವಾಗಿ ಮಗು ಒದ್ದಾಡುತ್ತದೆ. ಸಂಜೆ ಆರಕ್ಕೇ ಮುಗಿಸಿ. ಬಾಟಲಿಯ ಹಾಲಿಗೆ ಮಣ್ಣಿಯ ಹುಡಿ ಬೆರೆಸುವುದಂತೂ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಹಂತ 6: ದೀಪ ಹಚ್ಚಿದ ಮೇಲಿನ ಕ್ರಮ

ನಮ್ಮಲ್ಲಿ ಸೂರ್ಯ ಮುಳುಗುವುದು ವರ್ಷವಿಡೀ ಆರರಿಂದ ಏಳರ ನಡುವೆ. ಅದು ನಮಗೊಂದು ಅನುಕೂಲ. ದೇವರ ದೀಪ ಹಚ್ಚುವ ಹೊತ್ತನ್ನೇ ಗುರುತಾಗಿ ಇಟ್ಟುಕೊಳ್ಳಿ. ಆಮೇಲೆ ಮನೆಯ ದೊಡ್ಡ ಲೈಟು, ಟಿ.ವಿ. ಒಂದೊಂದಾಗಿ ಕಡಿಮೆಯಾಗಲಿ.

ಏಳೂವರೆಯ ಹೊತ್ತಿಗೆ ಉಗುರು ಬೆಚ್ಚಗಿನ ನೀರಿನಲ್ಲಿ ಬೈರಾಸು ಅದ್ದಿ ಮೈ ಒರೆಸಿ, ಡಯಾಪರ್ ಬದಲಿಸಿ. ಮಂದ ಬೆಳಕು ಹಾಕಿ ಹಾಲು ಕೊಡಿ, ತೇಗು ಬರಿಸಿ, ಒಂದು ಹಾಡು ಹೇಳಿ ಮಲಗಿಸಿ. ಕನ್ನಡವೋ ತುಳುವೋ ಕೊಂಕಣಿಯೋ, ದಿನಾ ಅದೇ ಹಾಡು. ಒಟ್ಟು ಅರ್ಧ ಗಂಟೆ. ಕ್ರಮ ಬದಲಾಗಬಾರದು. ಹಾಲು ಕುಡಿಯುತ್ತಲೇ ಪೂರ್ತಿ ನಿದ್ದೆ ಹೋಗದಂತೆ ನೋಡಿ. ಕಣ್ಣು ಮುಚ್ಚುತ್ತಾ ಬಂದಾಗ, ಇನ್ನೂ ಸ್ವಲ್ಪ ಎಚ್ಚರ ಇರುವಾಗಲೇ ಹಾಸಿಗೆಗೆ ಇಳಿಸಿ.

ಹೆಚ್ಚಿನ ಮನೆಗಳಲ್ಲಿ ಇದು ಮುರಿಯುವುದು ಅಪ್ಪ ಕೆಲಸದಿಂದ ಬರುವಾಗ. ಒಂಬತ್ತಕ್ಕೆ ಬಾಗಿಲು, ಲೈಟು, ನಗು, ಗಾಳಿಯಲ್ಲಿ ಎತ್ತಿ ಆಡಿಸುವುದು. ಅಪ್ಪನಿಗೂ ಮಗು ಬೇಕು, ಅದು ಅವರ ತಪ್ಪಲ್ಲ. ಬೆಳಗಿನ ಒಂದು ಗಂಟೆ ಅಪ್ಪನಿಗೇ ಇರಲಿ. ಆ ಬೆಳಕು ತೋರಿಸುವ ಕೆಲಸ ಅವರದ್ದು, ಆ ಹೊತ್ತಿಗೆ ಅಮ್ಮ ಮಲಗಲಿ. ಇದನ್ನು ಜಗಳವಾದ ಮೇಲೆ ಅಲ್ಲ, ಮುಂಚೆಯೇ ಮಾತಾಡಿ.

ಹಂತ 7: ಮಧ್ಯರಾತ್ರಿ ಎದ್ದಾಗ

ಮಗು ಸದ್ದು ಮಾಡಿದ ಕೂಡಲೇ ಎತ್ತಬೇಡಿ. ಒಂದೆರಡು ನಿಮಿಷ ಕಾಯಿರಿ, ಕಿವಿ ಕೊಡಿ. ಕುಂಯ್‌ಗುಡುವುದು, ಕಾಲು ಆಡಿಸುವುದು ಅರೆ ಎಚ್ಚರದ ಲಕ್ಷಣ. ಎಷ್ಟೋ ಸಲ ಮಗು ಅಲ್ಲಿಂದಲೇ ಮತ್ತೆ ಮಲಗುತ್ತದೆ, ಎತ್ತಿ ಎಬ್ಬಿಸುವುದು ನಾವು.

ಅಳು ಏರಿದರೆ ಈ ಕ್ರಮ. ಮೊದಲು ಎದೆಯ ಮೇಲೆ ಕೈ ಇಡಿ. ಆಮೇಲೆ ಮೆಲ್ಲನೆ ತಟ್ಟಿ. ಸುಮ್ಮನಾಗದಿದ್ದರೆ ಡಯಾಪರ್, ಕತ್ತಿನ ಬೆವರು ನೋಡಿ. ಹಾಲು ಕುಡಿದು ಮೂರು ಗಂಟೆ ಆಗಿದ್ದರೆ ಹಾಲು. ಎತ್ತಿಕೊಂಡು ತಿರುಗುವುದು ಕೊನೆಗೆ. ಲೈಟು ಬೇಡ, ಮಾತು ಬೇಡ. 6 ತಿಂಗಳೊಳಗಿನ ಮಗುವಾದರೆ ಈ ಕ್ರಮಕ್ಕೆ ಅಂಟಿಕೊಳ್ಳಬೇಡಿ, ಹಸಿವೆಂದು ಕಂಡರೆ ಹಾಲು ಕೊಟ್ಟುಬಿಡಿ.

ತೂಗಿದರೆ ಮಾತ್ರ ಮಲಗುವ ಮಗು ಪ್ರತಿ ಸುತ್ತಿನ ಕೊನೆಗೆ ತೂಗಲು ಕರೆಯುತ್ತದೆ. ಇದನ್ನು ಒಂದೇ ರಾತ್ರಿಗೆ ಬಿಡಿಸಬೇಡಿ. ಮೊದಲ ಮೂರು ರಾತ್ರಿ ತೂಗಿ, ನಿದ್ದೆ ಬರುವ ಸ್ವಲ್ಪ ಮುಂಚೆ ನಿಲ್ಲಿಸಿ. ಮುಂದಿನ ಮೂರು ರಾತ್ರಿ ಎತ್ತಿಕೊಂಡು ನಿಲ್ಲಿ, ತೂಗಬೇಡಿ. ಆಮೇಲೆ ಹಾಸಿಗೆಯಲ್ಲೇ ತಟ್ಟಿ. ಆಮೇಲೆ ಕೈ ಮಾತ್ರ ಇಡಿ. ಎರಡು ವಾರ ಹಿಡಿಯುತ್ತದೆ.

ಬಾಗಿಲು ಹಾಕಿ ಅಳಲು ಬಿಡುವುದರ ಬಗ್ಗೆ ಕೇಳುತ್ತಾರೆ. ನಾನು ಹೇಳುವುದು ಬೇಡ ಎಂದೇ. ನಮ್ಮ ಮನೆಗಳಲ್ಲಿ ಅಜ್ಜಿ ಇರುತ್ತಾರೆ, ಗೋಡೆಯಾಚೆ ನೆರೆಯವರು ಇರುತ್ತಾರೆ. ಯಾರಾದರೂ ಹದಿನೈದು ನಿಮಿಷಕ್ಕೆ ಬಂದು ಎತ್ತುತ್ತಾರೆ. ಆಗ ಮಗು ಕಲಿಯುವುದು, ಹದಿನೈದು ನಿಮಿಷ ಅತ್ತರೆ ಯಾರೋ ಬರುತ್ತಾರೆ ಎಂದು. ಮರುದಿನ ಅಷ್ಟೂ ಹೊತ್ತು ಅಳುತ್ತದೆ. ಮೆಲ್ಲನೆ ಬಿಡಿಸುವ ದಾರಿಯೇ ಇಲ್ಲಿ ನಡೆಯುತ್ತದೆ.

ಇವನ್ನು ಕೊಡಲೇಬೇಡಿ. ಜಾಯಿಕಾಯಿ ತೇಯ್ದು ನೆಕ್ಕಿಸುವುದು: ಜಾಸ್ತಿಯಾದರೆ ವಿಷ, ಎಷ್ಟು ಜಾಸ್ತಿ ಎಂದು ತೇಯುವವರಿಗೆ ಗೊತ್ತಾಗುವುದಿಲ್ಲ. ಜೇನು: 1 ವರ್ಷದೊಳಗೆ ಬೊಟುಲಿಸಂ ಎಂಬ ಕಾಯಿಲೆಯ ಅಪಾಯ ಇದೆ. ನಿದ್ದೆ ಬರುತ್ತದೆ ಎಂದು ಶೀತದ ಸಿರಪ್ ಕೊಡುವುದು: ಅದು ಉಸಿರನ್ನೇ ನಿಧಾನ ಮಾಡಬಹುದು. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಬರೆಯಬಾರದು, ಕೊಡಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರ್‌ನಲ್ಲಿ ಹೇಳಿದೆ.

ರಾತ್ರಿಯನ್ನು ಇಬ್ಬರು ಹಂಚಿಕೊಳ್ಳಿ. ಒಂಬತ್ತರಿಂದ ಎರಡರವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಹಾಲು ಅಮ್ಮನೇ ಕೊಡಬೇಕಾದರೂ ತೇಗು ಬರಿಸುವುದು, ಡಯಾಪರ್, ಮತ್ತೆ ಮಲಗಿಸುವುದು ಬೇರೆಯವರು ಮಾಡಬಹುದು. ಮಗು ಮಲಗಿದರೂ ತನಗೆ ನಿದ್ದೆ ಬಾರದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ, ಬದುಕೇ ಬೇಡ ಅನಿಸಿದರೆ ಅಮ್ಮ ಅದನ್ನು ಮುಚ್ಚಿಡಬಾರದು. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೆರಿಗೆಯ ನಂತರ ಇದು ಆಗುವಂಥದ್ದು, ಇದಕ್ಕೆ ಚಿಕಿತ್ಸೆ ಇದೆ.

ಹಂತ 8: ಕ್ರಮ ಮುರಿದರೆ

ಮುರಿಯುತ್ತದೆ. ಶೀತ ಬರುತ್ತದೆ, ಮದುವೆ ಬರುತ್ತದೆ, ಊರಿನ ದೈವದ ನೇಮ ಬರುತ್ತದೆ. ನೇಮಕ್ಕೆ, ಜಾತ್ರೆಗೆ ಹೋಗುವುದಾದರೆ ಮಗುವನ್ನು ಸ್ಪೀಕರಿನಿಂದ, ಗರ್ನಾಲ್ ಸಿಡಿಸುವ ಜಾಗದಿಂದ ದೂರ ಇಡಿ. ಆ ಸದ್ದು ಎಳೆ ಕಿವಿಗೆ ಆಗುವಂಥದ್ದಲ್ಲ. ಸಂಜೆಯ ಕ್ರಮದಲ್ಲಿ ಹಾಲು ಮತ್ತು ಹಾಡು ಇವೆರಡನ್ನಾದರೂ ಹೋದಲ್ಲಿ ಉಳಿಸಿಕೊಳ್ಳಿ. ಎಷ್ಟು ತಡವಾಗಿ ಮನೆಗೆ ಬಂದರೂ ಮರುದಿನ ಬೆಳಗ್ಗೆ ಅದೇ ಹೊತ್ತಿಗೆ ಎಬ್ಬಿಸಿ. ಎರಡು ಮೂರು ದಿನದಲ್ಲಿ ದಾರಿಗೆ ಬರುತ್ತದೆ. ಕಾಯಿಲೆ ಇದ್ದಾಗ ಮಾತ್ರ ಕ್ರಮ ನೋಡಬೇಡಿ, ಎತ್ತಿಕೊಳ್ಳಿ.

ಒಂದೊಂದು ಬದಲಾವಣೆಗೆ ಐದು ರಾತ್ರಿಯಾದರೂ ಕೊಡಿ. ಮೊದಲ ಎರಡು ರಾತ್ರಿ ಅಳು ಜಾಸ್ತಿಯಾಗಬಹುದು, ಅಲ್ಲಿಗೇ ಬಿಡಬೇಡಿ. ಇಷ್ಟೆಲ್ಲ ಮಾಡಿ ಮೂರು ವಾರವಾದರೂ ಮಗು ರಾತ್ರಿ ಐದಾರು ಸಲ ಏಳುತ್ತಿದ್ದರೆ, ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ತೂಕ ಏರದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ. "ಮಲಗುವುದೇ ಇಲ್ಲ ಡಾಕ್ಟ್ರೇ" ಎಂದು ಹೇಳುವುದಕ್ಕಿಂತ ಆ ಪುಟಗಳನ್ನು ತೋರಿಸಿದರೆ ಅವರಿಗೆ ಬೇಗ ಅರ್ಥವಾಗುತ್ತದೆ.